ಆಯಿ ಹಳ್ಳಕ್ಕೆ ಇಳಿದ ರಾತ್ರಿಯಿಂದ ಶುರು ಮಾಡಿ

ನಮಸ್ಕಾರ.

‘ಗಾಳಿಗಿರಣಿ, ನೀರುಗಿರಣಿ: ನಾವು ಮರೆತ ಪರಂಪರೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಎಂಟು ಪುಟಗಳಲ್ಲಿ ಆರು ಹಾಲೆಂಡಿನಲ್ಲೇ ಕಳೆದಿವೆ. ಅಲ್ಲೂ ಒಂದು ತಪ್ಪಿದೆ. ಕಿಂಡರ್‌ಡೈಕ್‌ನ 19 ಗಾಳಿಗಿರಣಿಗಳು ಹಿಟ್ಟು ಬೀಸುತ್ತಿದ್ದವು ಎಂದಿದ್ದೀರಿ. ಅವುಗಳ ಕೆಲಸ ತಗ್ಗು ಹೊಲದಲ್ಲಿ ನಿಂತ ನೀರನ್ನು ಮೇಲೆತ್ತಿ ಹೊರಗೆ ಹಾಕುವುದು. ಅಘನಾಶಿನಿ ನದಿಯಂಚಿನ, ಕಡಲ ಉಬ್ಬರದ ಉಪ್ಪುನೀರು ಬರುವ ಗಜನಿ ಗದ್ದೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಅಲ್ವಾ? ಅಲ್ಲೂ ಕಟ್ಟೆ ಹಾಕಿ, ಹಲಗೆ ಬಾಗಿಲು ಇಟ್ಟು, ಇಳಿತದ ಹೊತ್ತಿಗೆ ನೀರು ಹೊರಗೆ ಬಿಟ್ಟು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಹೋಲಿಕೆ ಬೇಕಿದ್ದರೆ ಇದನ್ನು ತನ್ನಿ.

‘ನಮ್ಮ ಜಿಲ್ಲೆಯ ಪ್ರತಿ ಊರಲ್ಲೂ ನೀರುಗಿರಣಿ ಇತ್ತು’ ಎಂಬ ಸಾಲು ತೆಗೆಯಿರಿ. ಒಂದು ಊರಿನ ಹೆಸರನ್ನೂ ನೀವು ಕೊಟ್ಟಿಲ್ಲ. ನಮ್ಮಲ್ಲಿ ಬೀಸುಕಲ್ಲು, ಒರಳು ಇದ್ದವು. ಆಲೆಮನೆಯಲ್ಲಿ ಕೋಣ ಕಟ್ಟಿದ ಗಾಣ ಇತ್ತು. ಇದ್ದದ್ದನ್ನು ಬರೆದರೆ ಸಾಕು.

ಏಳನೇ ಪುಟಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ಮಳೆಗಾಲದ ರಾತ್ರಿ ಬಲ್ಬು ಮಂಕಾದರೆ ನಿಮ್ಮ ಆಯಿ ಕಂಬಳಿ ಕೊಪ್ಪೆ ಹಾಕಿಕೊಂಡು ಹಳ್ಳಕ್ಕೆ ಇಳಿಯುತ್ತಿದ್ದರು. ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆಯಲ್ಲಿ ಎಲೆ ತುಂಬಿರುತ್ತಿತ್ತು. ಅದನ್ನು ಕೈಯಲ್ಲಿ ಬಳಿದು ತೆಗೆದರೆ, ಮನೆಯ ಕಿಟಕಿಯಲ್ಲಿ ಬೆಳಕು ಏರುವುದು ಅಲ್ಲಿಂದಲೇ ಕಾಣುತ್ತಿತ್ತು. ಇಷ್ಟನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ! ಇದೇ ನಿಮ್ಮ ಲೇಖನ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಮನೆಗಳವರು ಹಳ್ಳದ ನೀರಿನಿಂದ ದೀಪ ಹಚ್ಚಿದ್ದು ನೀರುಗಿರಣಿಯದೇ ಕಥೆ. ನೀರು ತಿರುಗಿಸುವ ಚಕ್ರಕ್ಕೆ ಬೀಸುವ ಕಲ್ಲಿನ ಜಾಗದಲ್ಲಿ ಕರೆಂಟು ಹುಟ್ಟಿಸುವ ಡೈನಮೋ ಇದೆ, ಅಷ್ಟೇ.

ಅದು ಹೇಗೆ ನಡೆಯುತ್ತದೆ ಎಂಬುದನ್ನೂ ಬರೆಯಿರಿ, ಓದುಗರು ಖುಷಿಯಿಂದ ಓದುತ್ತಾರೆ. ನೀರು ಎಷ್ಟು ಎತ್ತರದಿಂದ ಬೀಳುತ್ತದೆ, ಎಷ್ಟು ಬೀಳುತ್ತದೆ ಎನ್ನುವುದೇ ಮುಖ್ಯ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಿದ್ದರೆ ಲೆಕ್ಕಕ್ಕೆ ಸುಮಾರು 2 ಕಿಲೋವಾಟ್. ಪೈಪು, ಚಕ್ರ, ಡೈನಮೋ ತಿಂದು ಅರ್ಧ ಉಳಿದರೂ ಮನೆಯ ದೀಪ, ಮಿಕ್ಸರು ನಡೆಯುತ್ತವೆ. ನಿಮ್ಮ ಹಳ್ಳದ ಎತ್ತರ ಎಷ್ಟು? ಹಗ್ಗ ಹಿಡಿದು ಅಳೆಯಿರಿ.

ಹಳೇ ಚಕ್ರ ಕೊಟ್ಟಿಗೆಯ ಅಟ್ಟದಲ್ಲಿದೆ ಎಂದು ಬರೆದು ಹಾಗೇ ಮುಂದೆ ಹೋಗಿದ್ದೀರಿ. ಅದನ್ನು ಕೆಳಗಿಳಿಸಿ. ನೀರು ಬಡಿದು ಬಡಿದು ಬಟ್ಟಲುಗಳ ಅಂಚು ಸವೆದಿದೆಯಾ ನೋಡಿ. ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಹಳ್ಳ ಯಾವ ತಿಂಗಳಿಗೆ ಸೊರಗುತ್ತಿತ್ತು? ಆಮೇಲೆ ರಾತ್ರಿ ಏನು ಮಾಡುತ್ತಿದ್ದರು? ಅವರು ಹೇಳಿದ ಹಾಗೇ, ಅವರ ಮಾತಿನಲ್ಲೇ ಬರೆದುಕೊಳ್ಳಿ.

ಮೂರು ಪುಟ ಸಾಕು. ದೀಪಾವಳಿ ಸಂಚಿಕೆಯಲ್ಲಿ ನಿಮಗಾಗಿ ಜಾಗ ಇಟ್ಟಿರುತ್ತೇನೆ.