ಎರಡನೇ ಐವತ್ತರಲ್ಲಿ ಕಳೆದ ಸೆಕೆಂಡುಗಳು

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಈಜು ಕಲಿತಿದ್ದು 38ರಲ್ಲಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೂವರೆ ಕಿಲೋಮೀಟರ್ ಈಜುತ್ತೇನೆ. 25 ಮೀಟರ್ ಪೂಲ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್‌ಗೆ 1 ನಿಮಿಷ 52 ಸೆಕೆಂಡ್ ಬೇಕು. ಮೊದಲ 50ಕ್ಕೆ 48 ಸೆಕೆಂಡ್, ಉಳಿದ 50ಕ್ಕೆ 64. ಒಂದು ವರ್ಷದಿಂದ ಅಲ್ಲೇ ನಿಂತಿದ್ದೇನೆ. ಇನ್ನೂ ಜಾಸ್ತಿ ದೂರ ಈಜಬೇಕಾ? ಜಿಮ್ ಸೇರಬೇಕಾ? ಅಥವಾ ಈ ವಯಸ್ಸಿಗೆ ಇಷ್ಟೇನಾ?

ಉತ್ತರ: ಉತ್ತರವನ್ನೂ ನೀವೇ ಬರೆದು ಕಳಿಸಿದ್ದೀರಲ್ವಾ? 48 ಮತ್ತು 64. ನಡುವೆ 16 ಸೆಕೆಂಡ್ ಎಲ್ಲಿ ಹೋಯಿತು?

ದಮ್ಮು ಸಾಲದು ಅಂದುಕೊಂಡಿದ್ದೀರಿ. ಒಂದೂವರೆ ಕಿಲೋಮೀಟರ್ ಈಜುವವರಿಗೆ 100 ಮೀಟರ್‌ಗೆ ಬೇಕಾದ ದಮ್ಮು ಇದ್ದೇ ಇರುತ್ತದೆ. ಅದನ್ನು ಮೊದಲ ಎರಡು ಲ್ಯಾಪ್‌ನಲ್ಲೇ ಖರ್ಚು ಮಾಡಿಬಿಡುತ್ತೀರಿ. ನೀರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ವೇಗ ಶೇ. 10 ಹೆಚ್ಚಬೇಕೆಂದರೆ ಸುಮಾರು ಶೇ. 33 ಹೆಚ್ಚು ಶಕ್ತಿ ಸುರಿಯಬೇಕು. ಮುಂದಿನ ಸಲ ಮೊದಲ 50ನ್ನು 52ಕ್ಕೆ ಮುಗಿಸಿ. ಸೋಮಾರಿತನ ಮಾಡಿದ ಹಾಗೆ ಅನಿಸುತ್ತದೆ, ಅನಿಸಲಿ. ಎರಡನೆಯದು 56 ಆದರೂ 1 ನಿಮಿಷ 48!

ದೂರ ಹೆಚ್ಚಿಸಬೇಡಿ. ನಾಲ್ಕರಲ್ಲಿ ಎರಡು ದಿನ ಹೀಗೆ ಮಾಡಿ: 25 ಮೀಟರ್ ಅನ್ನು 26 ಸೆಕೆಂಡ್‌ನಲ್ಲಿ ಈಜಿ, 20 ಸೆಕೆಂಡ್ ನಿಲ್ಲಿ, ಮತ್ತೆ ಈಜಿ. ಹೀಗೆ 16 ಸಲ. ಸತತ ಎರಡು ಸಲ 26 ದಾಟಿದರೆ ಅವತ್ತಿಗೆ ಅದನ್ನು ಅಲ್ಲಿಗೇ ಬಿಡಿ. ಸುಸ್ತಾದ ಮೇಲೂ ಹಟ ಹಿಡಿದು ಈಜಿದರೆ ಮೈ ನಿಧಾನವನ್ನೇ ಕಲಿಯುತ್ತದೆ.

ಇನ್ನೊಂದು, ಕೈ ಎಣಿಸಿ. ನಾನೂ 34ರಲ್ಲಿ ನೀರಿಗಿಳಿದವಳು. 25 ಮೀಟರ್‌ಗೆ 27 ಸಲ ಕೈ ಹಾಕುತ್ತಿದ್ದೆ. ತೋಳಲ್ಲಿ ಬಲ ಇಲ್ಲ ಅಂತ ಸುಮ್ನೆ ದಂಡ ಹೊಡೆದಿದ್ದೇ ಬಂತು. ಒಂದು ದಿನ ಗೆಳತಿ ವಿಡಿಯೋ ಮಾಡಿ ತೋರಿಸಿದಳು. ಉಸಿರಿಗೆಂದು ಪ್ರತಿ ಸಲ ತಲೆ ಎತ್ತುತ್ತಿದ್ದೆ, ಕಾಲು ಕೆಳಗೆ ಇಳಿದು ನೇಗಿಲಿನ ಹಾಗೆ ನೀರು ಉಳುತ್ತಾ ಬರುತ್ತಿತ್ತು. ನನಗೇ ನಗು ಬಂತು. ಆಮೇಲೆ ಕಲಿತಿದ್ದು ಇಷ್ಟೇ: ಕಣ್ಣು ಪೂಲ್‌ನ ತಳ ನೋಡಬೇಕು, ಉಸಿರು ತೆಗೆದುಕೊಳ್ಳುವಾಗ ಕನ್ನಡಕದ ಒಂದು ಗಾಜು ನೀರಲ್ಲೇ ಇರಬೇಕು. ಮೂರು ತಿಂಗಳಿಗೆ 27 ಹೋಗಿ 21 ಆಯಿತು. ತೋಳು ಅದೇ ತೋಳು. ನೀವೂ ಒಂದು ವಿಡಿಯೋ ತೆಗೆಸಿ, ನಾಚಿಕೆ ಬೇಡ.

ನಿಮ್ಮ 100 ಮೀಟರ್‌ನಲ್ಲಿ ಮೂರು ಟರ್ನ್ ಇವೆ. ಗೋಡೆ ಮುಟ್ಟಿ ಒಂದು ಉಸಿರು ಎಳೆದುಕೊಂಡು ನಿಲ್ಲುವ ಚಟ ಇದ್ದರೆ ಬಿಡಿ. ಕೈ ಮೇಲೆ ಕೈ ಇಟ್ಟು, ಕಿವಿ ತೋಳುಗಳ ನಡುವೆ ಸೇರಿಸಿ, ಗೋಡೆಯನ್ನು ಒದ್ದು ಜಾರಿ. ಗೋಡೆಯಿಂದ 5 ಮೀಟರ್ ದೂರದಲ್ಲಿ ಪೂಲ್ ಮೇಲೆ ಅಡ್ಡ ಕಟ್ಟಿರುವ ಬಾವುಟಗಳ ತನಕ ಹಾಗೇ ಹೋಗಿ. ನಿಯಮ 15 ಮೀಟರ್‌ವರೆಗೆ ನೀರೊಳಗೇ ಹೋಗಲು ಬಿಡುತ್ತದೆ, ನಮ್ಮಂಥವರಿಗೆ ಅಷ್ಟು ಬೇಡ.

ಜಿಮ್‌ಗೆ ಹೋಗಿ, ಭುಜಕ್ಕೆ ಒಳ್ಳೆಯದು. ಆದರೆ ಟೈಮ್ ಅಲ್ಲಿ ಸಿಗುವುದಿಲ್ಲ.

ವಯಸ್ಸಿನ ಮಾತು ಎತ್ತಿದ್ದೀರಿ. ಜಪಾನಿನ ಮಿಯೆಕೊ ನಗಾವೊಕಾ 2015ರಲ್ಲಿ, ನೂರು ವರ್ಷದ ಅಜ್ಜಿ, 1500 ಮೀಟರ್ ಫ್ರೀಸ್ಟೈಲ್ ಮುಗಿಸಿದರು. ನೀವು 43!

ಎರಡು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಒಟ್ಟು ಟೈಮ್ ಬೇಡ, ಎರಡೂ 50ರ ಟೈಮ್ ಬೇರೆ ಬೇರೆ ಬರೆಯಿರಿ.