ಡ್ರಿಪ್ ಅಲಾರಂ ಸಿದ್ಧವಿದೆ, ಕೊಳ್ಳುವವರು ಯಾರು?

ಪ್ರಶ್ನೆ: ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ಡ್ರಿಪ್ ಬಾಟಲಿ ಮುಗಿಯುವ ಮುನ್ನವೇ ನರ್ಸ್‌ಗಳ ಮೇಜಿನ ಬಳಿ ಸದ್ದು ಮಾಡುವ ಪುಟ್ಟ ಸಾಧನವೊಂದನ್ನು ಗೆಳೆಯರೊಡನೆ ತಯಾರಿಸಿದ್ದೇನೆ. ನೋಡಿದ ವೈದ್ಯರೆಲ್ಲ ಮೆಚ್ಚಿದ್ದಾರೆ. ಇದನ್ನು ಉದ್ಯಮವಾಗಿ ಬೆಳೆಸಲು ಮುಂದೇನು ಮಾಡಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವೈದ್ಯರ ಮೆಚ್ಚುಗೆಯನ್ನು ಸದ್ಯಕ್ಕೆ ಬದಿಗಿಡಿ. ಆಸ್ಪತ್ರೆಯಲ್ಲಿ ಮೆಚ್ಚುವವರು, ಬಳಸುವವರು ಮತ್ತು ಹಣ ಕೊಡುವವರು ಸಾಮಾನ್ಯವಾಗಿ ಬೇರೆ ಬೇರೆಯವರು. ಅನುಮತಿ ಪಡೆದು ಜನರಲ್ ವಾರ್ಡಿನಲ್ಲಿ ಕೆಲವು ರಾತ್ರಿ ಕುಳಿತು ನೋಡಿ. ಮಿಲಿಲೀಟರಿಗೆ 20 ಹನಿ ಬೀಳುವ ಡ್ರಿಪ್ ಕೊಳವೆಯ ಸೆಟ್‌ನಲ್ಲಿ ನಿಮಿಷಕ್ಕೆ 40 ಹನಿ ಬಿಟ್ಟರೆ 500 ಮಿಲಿಲೀಟರಿನ ಬಾಟಲಿ ನಾಲ್ಕು ಗಂಟೆ ಹತ್ತು ನಿಮಿಷದಲ್ಲಿ ಖಾಲಿಯಾಗಬೇಕು. ಆದರೆ ರೋಗಿ ನಿದ್ದೆಯಲ್ಲಿ ಕೈ ಮಡಚಿದರೂ ಸಾಕು, ಲೆಕ್ಕ ತಪ್ಪುತ್ತದೆ. ಆಗ ಮಂಚದ ಪಕ್ಕ ಚಾಪೆಯ ಮೇಲೆ ತೂಕಡಿಸುತ್ತ ಬಾಟಲಿಯನ್ನೇ ನೋಡುತ್ತಿದ್ದ ಮನೆಯವರು ಎದ್ದು ಹೋಗಿ, "ಸಿಸ್ಟರ್, ಗ್ಲೂಕೋಸ್ ಮುಗೀತು" ಎನ್ನುತ್ತಾರೆ. ಸಂಬಳವಿಲ್ಲದ ಈ ಕಾವಲುಗಾರರೇ ನಿಮ್ಮ ಮೊದಲ ಪ್ರತಿಸ್ಪರ್ಧಿ. ಅವರಿರುವಾಗ ಆಸ್ಪತ್ರೆಯ ಆಡಳಿತ ನಿಮ್ಮ ಸಾಧನಕ್ಕೆ ಹಣ ಏಕೆ ಕೊಡಬೇಕು? ಐಸಿಯುವಿನಲ್ಲಾದರೆ ಡ್ರಿಪ್ಪಿನ ಹರಿವನ್ನು ತಾವೇ ನಿಯಂತ್ರಿಸುವ ಇನ್‌ಫ್ಯೂಷನ್ ಪಂಪ್‌ಗಳು ಮೊದಲೇ ಇರುತ್ತವೆ. ಮನೆಯವರಿಗೂ ಪ್ರವೇಶವಿಲ್ಲದ, ಎಲ್ಲ ಮಂಚಕ್ಕೂ ಪಂಪ್ ಇಲ್ಲದ ಜಾಗ ಯಾವುದೆಂದು ಹುಡುಕಿ. ಅಲ್ಲಿ ಯಾವ ರೋಗಿಗೆ ಯಾವ ತೊಂದರೆ, ಏನು ಕಡಿಮೆಯಾದರೆ ಪರಿಹಾರವಾದಂತೆ ಎಂಬುದನ್ನು ನಿಮ್ಮ ಸಾಧನದ ಹೆಸರೆತ್ತದೆ ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಅಗತ್ಯ ಇನ್ನೂ ನಿಮ್ಮ ಕೈಗೆ ಸಿಕ್ಕಿಲ್ಲವೆಂದೇ ಅರ್ಥ.

2017ರ ವೈದ್ಯಕೀಯ ಸಾಧನಗಳ ನಿಯಮಗಳು ಅಪಾಯದ ಮಟ್ಟ ಏರಿದಂತೆ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ತಯಾರಿಕೆಯ ಲೈಸೆನ್ಸನ್ನು ಮೊದಲೆರಡಕ್ಕೆ ರಾಜ್ಯದ ಪ್ರಾಧಿಕಾರ, ಉಳಿದೆರಡಕ್ಕೆ ಕೇಂದ್ರದ ಪ್ರಾಧಿಕಾರ ನೀಡುತ್ತದೆ. ಬರೀ ಎಚ್ಚರಿಸುವ ಸಾಧನ ಹರಿವನ್ನೂ ನಿಯಂತ್ರಿಸತೊಡಗಿದರೆ ದರ್ಜೆ ಏರುವ ಸಂಭವವಿದೆ. ಹೊಸ ಸೌಲಭ್ಯ ಸೇರಿಸುವ ಹುಮ್ಮಸ್ಸಿನಲ್ಲಿ ಇದನ್ನು ಮರೆಯಬೇಡಿ.

ಕಂಪನಿ ಕಟ್ಟುವುದೊಂದೇ ದಾರಿಯಲ್ಲ. ಮುಂದೆ ಮಣಿಪಾಲದಲ್ಲಿ ಕುಲಪತಿಗಳಾದ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಕೃತಕ ಹೃದಯ ಕವಾಟವನ್ನು ರೂಪಿಸಿದಾಗ ಮೊದಲ ಮೂರು ಮಾದರಿಗಳು ವಿಫಲವಾದವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅದನ್ನು ತಯಾರಿಸಿ ಮಾರುವ ಹೊಣೆಯನ್ನು ಸಂಸ್ಥೆ ತಾನೇ ಹೊರದೆ ಟಿಟಿಕೆ ಉದ್ಯಮ ಸಮೂಹಕ್ಕೆ ವಹಿಸಿತು. ವಿತರಕರ ಜಾಲವಾಗಲಿ ದುರಸ್ತಿಯ ಸಿಬ್ಬಂದಿಯಾಗಲಿ ಇಲ್ಲದ ನಿಮ್ಮಂಥವರಿಗೆ ಈ ದಾರಿ ಹೆಚ್ಚು ಒಪ್ಪುತ್ತದೆಂದು ನನ್ನ ಅನಿಸಿಕೆ. ಸ್ವಂತ ಕಂಪನಿಯೇ ಬೇಕೆಂದರೆ, ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ (BIRAC) ಬಿಗ್ (BIG) ಯೋಜನೆಯಲ್ಲಿ ಆರಂಭಿಕ ಹಂತಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆಗಳಲ್ಲೊಂದು.

ಯಾವ ದಾರಿ ಹಿಡಿದರೂ, ಸಾಧನವನ್ನು ಕಾಲೇಜಿನ ಪ್ರದರ್ಶನದಲ್ಲಿ ಇಡುವ ಮೊದಲು ಪೇಟೆಂಟ್ ಅರ್ಜಿ ಸಲ್ಲಿಸಿ, ಅದರಲ್ಲಿ ಕಾಲೇಜಿನ ಪಾಲೆಷ್ಟು, ಗೆಳೆಯರ ಪಾಲೆಷ್ಟು ಎಂಬುದನ್ನು ಈಗಲೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ.