ಜಾಝ್ ಕೇಳೋಕೆ ಲಿಸ್ಟ್ ಬೇಡ, ಒಂಬತ್ತು ನಿಮಿಷ ಸಾಕು

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: ‘ಜಾಝ್ ಕೇಳಬೇಕು ಅಂತಿದ್ದೇನೆ, ಒಂದು ಲಿಸ್ಟ್ ಕೊಡಿ.’ ಲಿಸ್ಟ್ ತೆಗೆದುಕೊಂಡು ಹೋದವರು ತಿಂಗಳು ಬಿಟ್ಟು ಇನ್ನೊಂದು ಲಿಸ್ಟ್ ಕೇಳುತ್ತಾರೆ. ಮೊದಲಿನದರಲ್ಲಿ ಏನು ಹಿಡಿಸಿತು ಅಂದರೆ ಮಾತಿಲ್ಲ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಎಲ್ಲರೂ ಹೇಳುತ್ತಾರೆಂದು ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಾಕಿದೆ. ಹತ್ತು ನಿಮಿಷಕ್ಕೆ ಎಲ್ಲ ಒಂದೇ ಥರ ಅನ್ನಿಸಿತು. ಇನ್ನೇನು ಕೇಳಲಿ?

ಇನ್ನೇನೂ ಬೇಡ, ಅದನ್ನೇ ಕೇಳಿ. ಇಡೀ ಆಲ್ಬಮ್ ಕೂಡ ಬೇಡ. ಮೊದಲನೆಯ ‘ಸೋ ವಾಟ್’ ಸಾಕು. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದದ್ದು, ಒಂಬತ್ತು ನಿಮಿಷ ಚಿಲ್ಲರೆ ಇದೆ.

ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಇದರ ಪಲ್ಲವಿ ಟ್ರಂಪೆಟ್ಟಿನದಲ್ಲ, ಪಾಲ್ ಚೇಂಬರ್ಸ್ ಅವರ ಡಬಲ್ ಬಾಸ್‌ನದು. ಆಳೆತ್ತರದ ಆ ವಾದ್ಯದ ತಗ್ಗಿನ ಸ್ವರಗಳು ಫೋನಿನಲ್ಲಿ ಸರಿಯಾಗಿ ಹೊರಡುವುದೇ ಇಲ್ಲ. ಪಲ್ಲವಿಯೇ ಕಿವಿಗೆ ಬೀಳದಿದ್ದರೆ ಎಲ್ಲ ಒಂದೇ ಥರ ಅನ್ನಿಸದೆ ಇನ್ನೇನಾಗುತ್ತದೆ?

ಶುರುವಿನ ಅರ್ಧ ನಿಮಿಷ ಪಿಯಾನೊ, ಬಾಸ್ ಎರಡೇ. ಆಲಾಪದ ಹಾಗೆ ನಿಧಾನ. ಆಮೇಲೆ ಬಾಸ್ ಒಂದು ಸಾಲು ನುಡಿಸುತ್ತದೆ, ಏನೋ ಕೇಳಿದ ಹಾಗೆ. ಬಿಲ್ ಇವಾನ್ಸ್ ಅವರ ಪಿಯಾನೊ ಎರಡೇ ಮಾತಿನಲ್ಲಿ ಉತ್ತರ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಟ್ರಂಪೆಟ್ಟೂ ಎರಡು ಸ್ಯಾಕ್ಸೊಫೋನೂ ಆ ಉತ್ತರಕ್ಕೆ ದನಿಗೂಡಿಸುತ್ತವೆ. ಸುಮಾರು ಒಂದೂವರೆ ನಿಮಿಷಕ್ಕೆ ಡ್ರಮ್ಮಿನ ಜಿಮ್ಮಿ ಕಾಬ್ ಸಿಂಬಲ್ ತಟ್ಟೆಯ ಮೇಲೆ ಒಂದು ಏಟು ಹಾಕುತ್ತಾರೆ. ಅದರ ಝೇಂಕಾರ ಇನ್ನೂ ಗಾಳಿಯಲ್ಲಿರುವಾಗಲೇ ಟ್ರಂಪೆಟ್ ಹಿಡಿದು ಮೈಲ್ಸ್ ಒಳಗೆ ಬರುತ್ತಾರೆ. ಎಷ್ಟು ಸಲ ಕೇಳಿದರೂ ನನಗೆ ಅಲ್ಲಿ ಮೈ ಜುಮ್ಮೆನ್ನುತ್ತದೆ.

ಆ ಏಟಿನಿಂದ ಕೈಯಲ್ಲಿ ಆದಿತಾಳ ಹಾಕಿ, ಎಂಟು ಎಣಿಕೆಗೆ ಒಂದು ಆವರ್ತ. ಎಂಟು ಆವರ್ತ ಒಂದೇ ನೆಲೆ. ಒಂಬತ್ತನೆಯದಕ್ಕೆ ಎಲ್ಲರೂ ಒಟ್ಟಿಗೆ ಮೇಲೆ ಸರಿಯುತ್ತಾರೆ, ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ (ಕೀಗೆ) ಬೆರಳು ಜರುಗಿಸಿದಷ್ಟು. ನಾಲ್ಕು ಆವರ್ತ ಅಲ್ಲಿದ್ದು, ಕೊನೆಯ ನಾಲ್ಕಕ್ಕೆ ಹಳೆಯ ಜಾಗಕ್ಕೆ ಇಳಿಯುತ್ತಾರೆ. ಒಟ್ಟು ಹದಿನಾರು ಆವರ್ತ, ಒಂದು ನಿಮಿಷಕ್ಕೂ ಕಡಿಮೆ. ಇದು ಒಂದು ಸುತ್ತು. ಮೈಲ್ಸ್ ಎರಡು ಸುತ್ತು ನುಡಿಸುತ್ತಾರೆ. ಆಮೇಲೆ ಟೆನರ್ ಸ್ಯಾಕ್ಸೊಫೋನಿನಲ್ಲಿ ಜಾನ್ ಕಾಲ್ಟ್ರೇನ್ ಎರಡು, ಆಲ್ಟೊದಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಎರಡು, ಪಿಯಾನೊ ಒಂದು. ಅಲ್ಲಿಗೆ ಬಾಸ್ ಮತ್ತೆ ಪಲ್ಲವಿಗೆ ಬರುತ್ತದೆ.

ಈಗ ಒಬ್ಬೊಬ್ಬರನ್ನೇ ಹಿಡಿದು ಕೇಳಿ. ಮೈಲ್ಸ್ ನಾಲ್ಕು ಸ್ವರ ಇಟ್ಟು ಸುಮ್ಮನಾಗುತ್ತಾರೆ. ಆ ಖಾಲಿ ಜಾಗದಲ್ಲಿ ಬಾಸ್ ನಡೆಯುವುದು ಕೇಳಿಸುತ್ತದೆ. ಕಾಲ್ಟ್ರೇನ್ ಖಾಲಿ ಬಿಡುವವರೇ ಅಲ್ಲ. ಆಡರ್ಲಿ ಬಂದರೆ ಊಟದ ಪಂಕ್ತಿಗೆ ಮಾತುಗಾರ ಬಂದು ಕೂತ ಹಾಗೆ. ಜಾಗ ಒಂದೇ, ಅಳತೆ ಒಂದೇ, ಮೂವರೂ ಮೂರು ಥರ. ಮೂರು ದಿನ ದಿನಕ್ಕೊಂದು ಸಲ ಹೀಗೆ ಕೂತು ಕೇಳಿ.

ಇಲ್ಲೊಂದು ಎಚ್ಚರಿಕೆ. ಇದರ ಸ್ವರಗಳು ನಮ್ಮ ಖರಹರಪ್ರಿಯ ರಾಗದವು ಅನ್ನುವುದು ನಿಜ. ಆದರೆ ಅಷ್ಟಕ್ಕೇ ‘ಜಾಝ್ ನಮ್ಮ ರಾಗದಿಂದಲೇ ಹುಟ್ಟಿದ್ದು’ ಅಂತ ವಿಡಿಯೊ ಮಾಡುವವರನ್ನು ದಯವಿಟ್ಟು ನಂಬಬೇಡಿ. ಗಮಕವಿಲ್ಲ (ಸ್ವರದ ಬಳುಕು), ಸಂಚಾರವಿಲ್ಲ (ರಾಗ ನಡೆಯುವ ದಾರಿ), ಅದು ರಾಗ ಹೇಗಾದೀತು? ಜಾಝ್ ಅಮೆರಿಕದ ಕಪ್ಪು ಜನ ನ್ಯೂ ಆರ್ಲಿಯನ್ಸ್‌ನಲ್ಲಿ ಬೆಳೆಸಿದ ಸಂಗೀತ. ಆ ಹೆಸರನ್ನು ಅವರಿಂದ ಕಿತ್ತುಕೊಳ್ಳುವುದು ಅನ್ಯಾಯ. (ಶ್ರುತಿಪೆಟ್ಟಿಗೆ ಇಟ್ಟು ನೋಡುವವರಿಗೆ: ಹಳೆಯ ರೆಕಾರ್ಡುಗಳಲ್ಲಿ ಇದು ಸ್ವಲ್ಪ ಏರಿದ ಶ್ರುತಿಯಲ್ಲಿದೆ. ಅವತ್ತು ರೆಕಾರ್ಡ್ ಮಾಡುವಾಗ ಟೇಪ್ ಯಂತ್ರ ನಿಧಾನವಾಗಿ ಓಡಿತ್ತು, ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಏರಿತು. 1990ರ ದಶಕದಲ್ಲಿ ಸರಿಪಡಿಸಿದರು.)

ಪ್ರಶ್ನೆ: ಕಾಲ್ಟ್ರೇನ್ ಅವರ ಕೊನೆಯ ವರ್ಷಗಳ ಸಂಗೀತವೇ ನಿಜವಾದ ಜಾಝ್ ಅಂತಾರೆ. ಅಲ್ಲಿಂದಲೇ ಶುರು ಮಾಡಲಾ?

ಬೇಡ. ನನಗೂ ಅಂಗಡಿಯವರೊಬ್ಬರು ಹೀಗೇ ಹೇಳಿ ಅಂಥದ್ದೊಂದು ಕ್ಯಾಸೆಟ್ ಕೈಗಿಟ್ಟಿದ್ದರು. ನಾಲ್ಕು ವರ್ಷ ಜಾಝ್ ಕಡೆ ತಲೆ ಹಾಕಲಿಲ್ಲ. ಆ ನಾಲ್ಕು ವರ್ಷದ ಹೊಟ್ಟೆಯುರಿ ಇನ್ನೂ ಇದೆ.

ಪ್ರಶ್ನೆ: ಜಾಝ್ ಅಂದರೆ ಮನಸ್ಸಿಗೆ ಬಂದದ್ದನ್ನು ನುಡಿಸೋದು, ಅಲ್ವಾ?

ಅಲ್ಲ. ಮೇಲೆ ಹೇಳಿದ ಹದಿನಾರು ಆವರ್ತ ಎಣಿಸಿ ನೋಡಿ.

ಪ್ರಶ್ನೆ: ಬಿಪಿ ಇಳಿಸಲು, ಮಕ್ಕಳ ಓದಿಗೆ ಯಾವ ಜಾಝ್ ಒಳ್ಳೆಯದು?

ಬಿಪಿಗೆ ಡಾಕ್ಟರ ಹತ್ತಿರ ಹೋಗಿ. ಇಂಥ ಫ್ರೀಕ್ವೆನ್ಸಿ ರೋಗ ವಾಸಿ ಮಾಡುತ್ತದೆ ಅಂತ ಹತ್ತು ಗಂಟೆಯ ‘ಮಳೆ-ಕಾಫಿ ಜಾಝ್’ ಮಾರುವವರು ನಿಮಗೂ ಮೋಸ ಮಾಡುತ್ತಿದ್ದಾರೆ, ಸಂಗೀತಕ್ಕೂ.

ಪ್ರಶ್ನೆ: ನನಗೆ ಹಾಡಿದರೆ ಮಾತ್ರ ಹಿಡಿಸುತ್ತದೆ.

1956ರ ‘ಎಲ್ಲಾ ಅಂಡ್ ಲೂಯಿಸ್’ ಕೇಳಿ. ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರದು ತಿಳಿನೀರಿನಂಥ ಗಂಟಲು, ಲೂಯಿಸ್ ಆರ್ಮ್‌ಸ್ಟ್ರಾಂಗ್ ಅವರದು ಜಲ್ಲಿಕಲ್ಲಿನಂಥದ್ದು. ಒಗ್ಗಿದ ಮೇಲೆ ಅದೇ ಲೂಯಿಸ್ 1928ರಲ್ಲಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’. ಮೊದಲಲ್ಲಿ ಟ್ರಂಪೆಟ್ ಒಂದೇ, ಪಕ್ಕವಾದ್ಯವೇ ಇಲ್ಲ.

ಪ್ರಶ್ನೆ: ‘ಟೇಕ್ ಫೈವ್’ ಖಂಡಚಾಪುವಾ?

ಐದೇ ಎಣಿಕೆ, ಆದರೆ ಮೂರು-ಎರಡು ಅಂತ ಒಡೆಯುತ್ತದೆ. ನಮ್ಮದು ಎರಡು-ಮೂರು. ಡೇವ್ ಬ್ರೂಬೆಕ್ ತಂಡಕ್ಕಾಗಿ ಅದನ್ನು ಬರೆದವರು ಆಲ್ಟೊ ನುಡಿಸುತ್ತಿದ್ದ ಪಾಲ್ ಡೆಸ್ಮಂಡ್.

ಪ್ರಶ್ನೆ: ನಮ್ಮವರು ಯಾರೂ ಇಲ್ಲವೇ?

ಇದ್ದಾರೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಗಾಯಕಿ ಆರ್.ಎ. ರಮಾಮಣಿ ಮತ್ತು ತಂಡ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಮ್ ಮಾಡಿದರು. ಸ್ಯಾಕ್ಸೊಫೋನಿನ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ 2008ರದು. ಎರಡನ್ನೂ ಕೇಳಿ, ‘ಸೋ ವಾಟ್’ ಮೂರು ಸಲ ಆದ ಮೇಲೆ.